ಸಭೆಯ ಸದಸ್ಯರಲ್ಲದ ಸಲಹೆಗಾರ

ರಾಜ್ಯಭಾರದಲ್ಲಿ ಸಲಹೆ ಕೊಡುವವನ ಸ್ಥಾನ ವಿಚಿತ್ರವಾದುದು. ಸಲಹೆ ಫಲಿಸಿದರೆ ಕೀರ್ತಿ ಅದನ್ನು ಜಾರಿಗೆ ತಂದವರಿಗೆ ಸಲ್ಲುತ್ತದೆ. ಕೆಟ್ಟರೆ ಹಳೆಯ ಕಡತ ತೆರೆದು ಸಲಹೆಗಾರನ ಸಹಿಯನ್ನು ಹುಡುಕುತ್ತಾರೆ. ಇಂಥವರನ್ನು ಗೌರವಿಸುವುದು ಹೇಗೆ? ಈ ಪ್ರಶ್ನೆಗೆ ಭಾರತದ ಸಂವಿಧಾನ ರಚನಾ ಸಭೆಯೇ ಒಂದು ಉತ್ತರ ಕೊಟ್ಟಿದೆ. ಉತ್ತರಕ್ಕೆ ನಿಮಿತ್ತರಾದವರು ಕರಾವಳಿಯ ಬೆನೆಗಲ್ ನರಸಿಂಗರಾವ್.

1887ರಲ್ಲಿ ಅಂದಿನ ದಕ್ಷಿಣ ಕನ್ನಡದ ವೈದ್ಯರೊಬ್ಬರ ಮನೆಯಲ್ಲಿ ಹುಟ್ಟಿದ ನರಸಿಂಗರಾಯರು ಓದಿದ್ದು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ. ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು. ಗಣಿತದಲ್ಲಿ ಉನ್ನತ ಸ್ಥಾನ ಗಳಿಸಿ, ಐ.ಸಿ.ಎಸ್. ಸೇರಿ, ಬಂಗಾಳ ಪ್ರಾಂತಕ್ಕೆ ಹೋದರು. ಒಬ್ಬ ತಮ್ಮ ಬೆನೆಗಲ್ ರಾಮರಾವ್ ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಇನ್ನೊಬ್ಬ ತಮ್ಮ ಬಿ. ಶಿವರಾವ್ ಪತ್ರಕರ್ತರಾಗಿ, ಸಂವಿಧಾನ ರಚನಾ ಸಭೆಯ ಸದಸ್ಯರಾಗಿ ಹೆಸರಾದರು.

ನರಸಿಂಗರಾಯರ ಹೆಸರು ಬೆಳೆದದ್ದು ಕಾನೂನಿನ ಕರಡುಗಳ ಮೂಲಕ. 1935ರ ಭಾರತ ಸರ್ಕಾರ ಕಾಯಿದೆಯ ಕೆಲಸದಲ್ಲಿ ಅವರ ಕೈಯಿತ್ತು. 1939ರಲ್ಲಿ ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶರಾದರು. 1941ರಲ್ಲಿ ನೇಮಕವಾದ ಹಿಂದೂ ಕಾನೂನು ಸಮಿತಿಗೆ ಅವರೇ ಅಧ್ಯಕ್ಷರು. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ 1937ರ ಕಾಯಿದೆ ಎಬ್ಬಿಸಿದ್ದ ಗೊಂದಲಗಳಿಂದ ಆರಂಭವಾದ ಆ ಕೆಲಸ ಹಿಂದೂ ಸಂಹಿತೆ ಮಸೂದೆಗೆ ತಳಹದಿಯಾಯಿತು. 1955-56ರ ಕಾಯಿದೆಗಳಲ್ಲಿ ಕೊನೆಗೊಂಡಿತು. ಅದೇ ಹೊತ್ತಿನಲ್ಲಿ ಸಿಂಧ್ ಮತ್ತು ಪಂಜಾಬ್ ಪ್ರಾಂತಗಳ ನಡುವಿನ ಸಿಂಧೂ ನದಿ ನೀರಿನ ವ್ಯಾಜ್ಯವನ್ನೂ ಅವರ ಆಯೋಗ ವಿಚಾರಿಸಿತು. ಪ್ರಾಂತಗಳು ತಾವೇ ಒಪ್ಪಂದಕ್ಕೆ ಬರುವುದು ಉತ್ತಮ. ಆಗದಿದ್ದರೆ ಸಮನ್ಯಾಯದ ಹಂಚಿಕೆಯೇ ದಾರಿ ಎಂಬುದು ಆಯೋಗದ ನಿಲುವು. ಕಾವೇರಿ ವಿವಾದವನ್ನು ಕಂಡುಂಡ ಕನ್ನಡಿಗರಿಗೆ ಈ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿವೃತ್ತಿಯ ಬಳಿಕ ಕೆಲಕಾಲ ಜಮ್ಮು ಮತ್ತು ಕಾಶ್ಮೀರದ ಪ್ರಧಾನಿಯಾಗಿದ್ದ ಅವರನ್ನು 1946ರ ಜುಲೈನಲ್ಲಿ ಸಂವಿಧಾನ ಸಲಹೆಗಾರರನ್ನಾಗಿ ನೇಮಿಸಲಾಯಿತು. ಸಭೆ ಮೊದಲ ಬಾರಿ ಸೇರಿದ್ದು ಅದೇ ಡಿಸೆಂಬರ್ 9ರಂದು. ರಾಯರು ಸಭೆಯ ಸದಸ್ಯರಲ್ಲ. ಅವರಿಗೆ ಅಲ್ಲಿ ಮತವಿರಲಿಲ್ಲ. ಈ ಕೆಲಸಕ್ಕೆ ಅವರು ಸಂಬಳವನ್ನೂ ಪಡೆಯಲಿಲ್ಲ. ಬೇರೆ ಬೇರೆ ದೇಶಗಳ ಸಂವಿಧಾನಗಳನ್ನು ಅಭ್ಯಾಸ ಮಾಡಿ ಸದಸ್ಯರಿಗೆ ಟಿಪ್ಪಣಿಗಳನ್ನು ಒದಗಿಸಿದರು. ಪ್ರಶ್ನಾವಳಿ ಕಳಿಸಿ ಶಾಸಕರ ಅಭಿಪ್ರಾಯ ಕೇಳಿದರು. ಸಭೆಯ ಸಮಿತಿಗಳ ತೀರ್ಮಾನಗಳನ್ನು ಆಧರಿಸಿ 1947ರ ಅಕ್ಟೋಬರಿನಲ್ಲಿ ಮೊದಲ ಕರಡನ್ನು ಸಿದ್ಧಪಡಿಸಿದರು.

ನಂತರ ಅವರು ಅಮೆರಿಕ, ಕೆನಡ, ಐರ್ಲೆಂಡ್, ಬ್ರಿಟನ್‌ಗಳಿಗೆ ಹೋಗಿ ಸಂವಿಧಾನ ಬಲ್ಲವರ ಜೊತೆ ಚರ್ಚಿಸಿ ಬಂದರು. ಈ ಪ್ರವಾಸದ ಎರಡು ಫಲಗಳನ್ನು ಇಲ್ಲಿ ನೆನೆಯಬೇಕು.

ಮೊದಲನೆಯದು ವ್ಯಕ್ತಿ ಸ್ವಾತಂತ್ರ್ಯದ ವಿಧಿ. ಅಮೆರಿಕದ ಸಂವಿಧಾನದಂತೆ ನ್ಯಾಯಸಮ್ಮತ ಕ್ರಮವಿಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದೆಂಬ ಮಾತು ನಮ್ಮಲ್ಲೂ ಬರುವುದಿತ್ತು. ಆದರೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಫ್ರಾಂಕ್‌ಫರ್ಟರ್, ಇಂಥ ಮಾತು ಚುನಾಯಿತ ಶಾಸನಸಭೆಗಿಂತ ನ್ಯಾಯಾಧೀಶರನ್ನು ಮೇಲೆ ಕೂರಿಸುತ್ತದೆ ಎಂದು ರಾಯರನ್ನು ಎಚ್ಚರಿಸಿದರು. ಕರಡು ಸಮಿತಿ ಆ ಮಾತನ್ನು ಕೈಬಿಟ್ಟು, ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ ಎಂಬ ಮಾತನ್ನು ಆರಿಸಿತು. ಸಭೆಯಲ್ಲಿ ಅನೇಕರು ಅಸಮಾಧಾನಪಟ್ಟರು. 1950ರ ಗೋಪಾಲನ್ ಪ್ರಕರಣದಲ್ಲಿ ಇದರ ಪರಿಣಾಮ ಕಂಡಿತು: ಶಾಸನಸಭೆ ಮಾಡಿದ ಕಾನೂನು ಇದ್ದರೆ ಸಾಕು, ಆ ವಿಧಿಯಡಿ ಕಾರ್ಯವಿಧಾನ ನ್ಯಾಯಯುತವೇ ಎಂದು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಆ ಕಾರ್ಯವಿಧಾನವೂ ನ್ಯಾಯಯುತವಾಗಿರಬೇಕೆಂದು ಕೋರ್ಟು ಸಾರಿದ್ದು 1978ರಲ್ಲಿ, ಮೇನಕಾ ಗಾಂಧಿ ಪ್ರಕರಣದಲ್ಲಿ. ಒಪ್ಪಿಕೊಂಡ ಸಲಹೆಗೂ ಬೆಲೆ ತೆರಬೇಕಾಗುತ್ತದೆ.

ಎರಡನೆಯದು ಸಭೆ ಒಪ್ಪದ ಸಲಹೆ. ನಿರ್ದೇಶಕ ತತ್ವಗಳನ್ನು ಜಾರಿಗೆ ತರಲು ಮಾಡಿದ ಕಾನೂನು ಮೂಲಭೂತ ಹಕ್ಕಿಗೆ ಅಡ್ಡ ಬಂದರೆ ಕಾನೂನೇ ಗೆಲ್ಲಬೇಕು, ವ್ಯಕ್ತಿಯ ಹಕ್ಕು ಸಮಾಜದ ಹಿತಕ್ಕೆ ತಡೆಯಾಗಬಾರದು ಎಂದು ರಾಯರು ಸೂಚಿಸಿದ್ದರು. ಸಂವಿಧಾನ ಅದನ್ನು ಸೇರಿಸಿಕೊಳ್ಳಲಿಲ್ಲ. ಭೂಸುಧಾರಣೆಯ ಕಾನೂನುಗಳು ಕೋರ್ಟಿನ ಮೆಟ್ಟಿಲೇರಿ, ತಿದ್ದುಪಡಿಗಳ ಸರಮಾಲೆ ಬಂದಾಗ ಇದೇ ಪ್ರಶ್ನೆ ಮತ್ತೆ ಎದ್ದಿತು. 1971ರ ಇಪ್ಪತ್ತೈದನೆಯ ತಿದ್ದುಪಡಿಯಲ್ಲಿ ಅದೇ ವಿಚಾರದ ಒಂದು ಭಾಗ ಬೇರೆ ರೂಪದಲ್ಲಿ ಒಳಬಂತು.

ಈಗ ಕೆಲವರು ಸಂವಿಧಾನವನ್ನು ಬರೆದವರು ರಾಯರೋ ಅಂಬೇಡ್ಕರರೋ ಎಂದು ಪಂದ್ಯ ಕಟ್ಟುವುದುಂಟು. ಕಡತವೇ ಇದಕ್ಕೆ ಉತ್ತರ ಹೇಳುತ್ತದೆ. ಅಂಬೇಡ್ಕರರು ಸಭೆಗೆ ಕೊಟ್ಟ ಲೆಕ್ಕದಂತೆ ರಾಯರ ಕರಡಿನಲ್ಲಿ 243 ವಿಧಿಗಳು, 13 ಅನುಸೂಚಿಗಳು ಇದ್ದವು. ಕರಡು ಸಮಿತಿ ಸಭೆಯ ಮುಂದಿಟ್ಟದ್ದರಲ್ಲಿ 315 ವಿಧಿಗಳು, 8 ಅನುಸೂಚಿಗಳು. ಕೊನೆಯಲ್ಲಿ 395 ವಿಧಿಗಳು, 8 ಅನುಸೂಚಿಗಳು. ನಡುವೆ ಸಭೆಯಲ್ಲಿ ಮಂಡಿತವಾದ ತಿದ್ದುಪಡಿಗಳು 2,473. ಕರಡನ್ನು ಪ್ರತಿ ವಾಕ್ಯದಲ್ಲೂ ಸಮರ್ಥಿಸಿ, ತಿದ್ದಿ, ಸಭೆಯನ್ನು ಒಪ್ಪಿಸಿ ದಡ ಮುಟ್ಟಿಸಿದವರು ಅಂಬೇಡ್ಕರ್. ಅಡಿಪಾಯದ ನಕ್ಷೆ ಹಾಕಿದವನೂ ಮನೆ ಕಟ್ಟಿ ನಿಲ್ಲಿಸಿದವನೂ ಬೇರೆಯಾದರೆ ಒಬ್ಬರ ಶ್ರಮದಿಂದ ಇನ್ನೊಬ್ಬರದು ಸಣ್ಣದಾಗುವುದಿಲ್ಲ.

ಅಂಬೇಡ್ಕರರಿಗೆ ಇದು ತಿಳಿದಿತ್ತು. 1949ರ ನವೆಂಬರ್ 25ರ ಭಾಷಣದಲ್ಲಿ, ತಮಗೆ ಸಲ್ಲುತ್ತಿರುವ ಶ್ರೇಯಸ್ಸಿನಲ್ಲಿ ಒಂದು ಪಾಲು ಮೊದಲ ಕರಡು ಸಿದ್ಧಪಡಿಸಿದ ರಾಯರದು ಎಂದು ಅವರೇ ಹೇಳಿದರು. ಇನ್ನೂ ದೊಡ್ಡ ಪಾಲನ್ನು ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿಯವರಿಗೆ ಕೊಟ್ಟರು. ಮರುದಿನ ಅಧ್ಯಕ್ಷ ರಾಜೇಂದ್ರ ಪ್ರಸಾದರೂ ರಾಯರ ಗೌರವ ಸೇವೆಯನ್ನು ಸ್ಮರಿಸಿದರು.

ಅಷ್ಟರಲ್ಲಿ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. 1950ರ ಜೂನ್‌ನಲ್ಲಿ ಕೊರಿಯ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ. ಕದನವಿರಾಮಕ್ಕಾಗಿ ನೇಮಿಸಿದ ಮೂವರ ತಂಡದಲ್ಲೂ ಇದ್ದರು. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ನಿಧನರಾದರು. ಅವರ ಟಿಪ್ಪಣಿಗಳನ್ನು ತಮ್ಮ ಶಿವರಾವ್ ಸಂಪಾದಿಸಿ 1960ರಲ್ಲಿ ಪುಸ್ತಕವಾಗಿ ಹೊರತಂದರು. 1988ರಲ್ಲಿ ಅಂಚೆ ಇಲಾಖೆ ಒಂದು ಅಂಚೆಚೀಟಿಯನ್ನು ಹೊರಡಿಸಿತು.

ಪ್ರತಿಮೆ, ರಸ್ತೆಗೆ ಹೆಸರು, ಜಯಂತಿ ಎಂದು ಗೌರವದ ದಾರಿಗಳು ಹಲವು. ಸಲಹೆಗಾರನಿಗೆ ಒಪ್ಪುವ ಗೌರವ ಬಹುಶಃ ಆ ನವೆಂಬರಿನಲ್ಲಿ ಸಭೆ ತೋರಿಸಿದ್ದೇ: ಅವನ ಪಾಲು ಇಷ್ಟು ಎಂದು ಹೆಚ್ಚಿಸದೆ, ಕಡಿಮೆ ಮಾಡದೆ, ಹೆಸರು ಹಿಡಿದು ಹೇಳುವುದು, ಅವನ ಸಲಹೆಯಲ್ಲಿ ಯಾವುದು ಉಳಿಯಿತು, ಯಾವುದನ್ನು ಕಾಲ ತಿದ್ದಿತು ಎಂದು ಕಡತ ತೆಗೆದು ಓದುವುದು. ಮಂಗಳೂರಿನ ಶಾಲೆಯೊಂದರಿಂದ ಹೊರಟ ಈ ಗಣಿತಜ್ಞನಿಗೆ ಲೆಕ್ಕ ಸರಿಯಾಗಿರುವುದೇ ಹೆಚ್ಚು ಪ್ರಿಯವಾಗುತ್ತಿತ್ತೇನೋ.