ಸಾರ್ವಜನಿಕ ಉಪನ್ಯಾಸದ ಉಗಮ ಮತ್ತು ಪ್ರಶ್ನೆಯ ಗಂಟೆ

ಪ್ರತಿ ವರ್ಷವೂ ವಿಶ್ವವಿದ್ಯಾನಿಲಯದ ಅವಧಿಯು ಆರಂಭವಾಗುವ ದಿನಗಳಲ್ಲಿ ವಿಭಾಗಗಳ ಪ್ರಕಟಣ ಫಲಕದ ಮೇಲೆ ಮುಂಬರುವ ಕಾರ್ಯಕ್ರಮಗಳ ಪಟ್ಟಿಯೊಂದು ಕಾಣಿಸಿಕೊಳ್ಳುತ್ತದೆ. ವಿದ್ಯಾರ್ಥಿಗಳಿಗೆ ಉದ್ಯೋಗ ಮಾರ್ಗದರ್ಶನದ ಸಭೆಗಳು, ಅಧ್ಯಾಪಕರಿಗೆ ವಿಚಾರಗೋಷ್ಠಿಗಳು, ಊರಿನವರೆಲ್ಲರಿಗೂ ತೆರೆದ ಉಪನ್ಯಾಸಗಳು. ಇವುಗಳ ದಿನ, ವೇಳೆ, ಸ್ಥಳಗಳನ್ನು ಅದರಲ್ಲಿ ನಮೂದಿಸಿರುತ್ತಾರೆ. ವರ್ಷ ಮುಗಿದ ಮೇಲೆ ಎಷ್ಟು ಉಪನ್ಯಾಸಗಳು ನಡೆದುವು, ಎಷ್ಟು ಜನ ನೆರೆದಿದ್ದರು ಎಂಬ ಲೆಕ್ಕ ವರದಿಯಲ್ಲಿ ಬರುತ್ತದೆ. ನೆರೆದವರು ಏನನ್ನು ಕೇಳಿದರು, ಯಾವ ಮಾತನ್ನು ಒಪ್ಪದೆ ಹೋದರು ಎಂಬುದಕ್ಕೆ ಮಾತ್ರ ಅಲ್ಲಿ ಸ್ಥಳವಿರುವುದಿಲ್ಲ. ವಿಶ್ವವಿದ್ಯಾನಿಲಯಗಳು ತಮ್ಮ ಗೋಡೆಗಳಾಚೆಗೆ ಉಪನ್ಯಾಸವನ್ನು ಕೊಂಡೊಯ್ಯಲಾರಂಭಿಸಿದ ಕಾಲದಲ್ಲಿ ಸಂಗತಿ ಹೀಗಿರಲಿಲ್ಲ. ಅಂದು ಉಪನ್ಯಾಸಕ್ಕಿಂತ ಅದರ ತರುವಾಯದ ಗಂಟೆಯೇ ಮುಖ್ಯವಾಗಿತ್ತೆಂದು ನಮಗೆ ತೋರುತ್ತದೆ. ಇಂಗ್ಲೆಂಡಿನ ವಿಶ್ವವಿದ್ಯಾನಿಲಯ ವಿಸ್ತರಣ ಚಳವಳಿಯ ಚರಿತ್ರೆಯನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಿದ್ದೇವೆ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳು ದೇಶದ ಬಹುಪಾಲು ಜನರಿಗೆ ಮುಚ್ಚಿದ ಬಾಗಿಲುಗಳಾಗಿದ್ದುವು. ಅಧಿಕೃತ ಚರ್ಚಿಗೆ ಸೇರದವರ ಮೇಲಿದ್ದ ಮತೀಯ ನಿರ್ಬಂಧಗಳು ಬಹುಮಟ್ಟಿಗೆ ತೊಲಗಿದುದು 1871ರ ಶಾಸನದಿಂದ. ಸ್ತ್ರೀಯರ ಪಾಡು ಇನ್ನೂ ಶೋಚನೀಯವಾಗಿತ್ತು. ಕೇಂಬ್ರಿಜ್ ಅವರಿಗೆ ಪೂರ್ಣ ಪದವಿಯನ್ನು ಕೊಟ್ಟುದು 1948ರಲ್ಲಿ! ಹೀಗಿರಲು ವಿಶ್ವವಿದ್ಯಾನಿಲಯವನ್ನು ಊರೂರಿಗೆ ಕರೆಯುವ ಕೂಗು ಮೊದಲು ಸ್ತ್ರೀಯರಿಂದಲೇ ಎದ್ದುದು ಸಹಜವಾಗಿದೆ.

1867ರಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ಸ್ತ್ರೀಯರ ಉನ್ನತ ಶಿಕ್ಷಣಕ್ಕಾಗಿ ಮಂಡಲಿಯೊಂದು ಏರ್ಪಟ್ಟಿತು. ಜೋಸೆಫೀನ್ ಬಟ್ಲರ್, ಆನ್ ಕ್ಲಫ್ ಮೊದಲಾದವರು ಅದರ ಮುಂದಾಳುಗಳು. ಲೀಡ್ಸ್, ಲಿವರ್‌ಪೂಲ್, ಮ್ಯಾಂಚೆಸ್ಟರ್, ಷೆಫೀಲ್ಡ್ ನಗರಗಳಲ್ಲಿ ಬೋಧನ ವಿಧಾನವನ್ನು ಕುರಿತು ಉಪನ್ಯಾಸ ಕೊಡಬೇಕೆಂದು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನ ಜೇಮ್ಸ್ ಸ್ಟುಅರ್ಟನನ್ನು ಇವರು ಕೇಳಿಕೊಂಡರು. ಸ್ಕಾಟ್ಲೆಂಡಿನವನಾದ ಸ್ಟುಅರ್ಟನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಕಲಿಸುವ ಬಗೆಯನ್ನು ತೋರಿಸಬೇಕಾದರೆ ಏನನ್ನಾದರೂ ಕಲಿಸಿಯೇ ತೋರಿಸಬೇಕೆಂದು ಬಗೆದು ಅವನು ಖಗೋಳಶಾಸ್ತ್ರವನ್ನು ಆರಿಸಿಕೊಂಡನು.

ಇಲ್ಲಿ ಒಂದು ಸ್ವಾರಸ್ಯವಾದ ತೊಡಕುಂಟಾಯಿತು. ಉಪನ್ಯಾಸ ಮುಗಿದ ಮೇಲೆ ತರುಣನೊಬ್ಬನು ಯುವತಿಯರನ್ನು ಪ್ರಶ್ನಿಸುವುದೂ ಅವರು ಎದ್ದು ಉತ್ತರ ಹೇಳುವುದೂ ಆ ಕಾಲದ ಮರ್ಯಾದೆಗೆ ಒಪ್ಪುವಂತಿರಲಿಲ್ಲ. ಸ್ಟುಅರ್ಟನು ಪ್ರಶ್ನೆಗಳನ್ನು ಅಚ್ಚು ಹಾಕಿಸಿ ಹಂಚಿದನು. ಕೇಳುಗರು ಮನೆಯಲ್ಲಿ ಉತ್ತರ ಬರೆದು ಕಳುಹಿಸಿದರು. ಅವನು ತಿದ್ದಿ ಹಿಂದಿರುಗಿಸಿದನು. ವಾರವಾರವೂ ನೂರಾರು ಉತ್ತರ ಪತ್ರಿಕೆಗಳು ಬಂದುವೆಂದ ಮೇಲೆ ಶ್ರೋತೃಗಳ ಹಸಿವು ಎಷ್ಟಿತ್ತೆಂಬುದನ್ನು ಊಹಿಸಬಹುದು. ಉಪನ್ಯಾಸದ ಸಾರಾಂಶವನ್ನು ಮುದ್ರಿಸಿ ಮುಂಚಿತವಾಗಿ ಕೊಡುವ ಪದ್ಧತಿಯೂ ಇದೇ ಸುಮಾರಿನಲ್ಲಿ ಬಳಕೆಗೆ ಬಂದಿತು. ಸಂಕೋಚದಿಂದ ಹುಟ್ಟಿದ ಉಪಾಯವೊಂದು ಮುಂದೆ ಇಡೀ ಚಳವಳಿಯ ಬೆನ್ನೆಲುಬಾಯಿತು.

ಎರಡನೆಯ ಅಂಗವು ಕೂಡಿಬಂದುದು ರಾಚ್‌ಡೇಲಿನಲ್ಲಿ. 1844ರಲ್ಲಿ ಸಹಕಾರ ಸಂಘವನ್ನು ಸ್ಥಾಪಿಸಿ ಪ್ರಸಿದ್ಧಿಗೆ ಬಂದ ಈ ನೇಕಾರರ ಊರಿನ ಹೆಸರು ನಮ್ಮ ಸಹಕಾರ ಚಳವಳಿಯ ಪುಸ್ತಕಗಳಲ್ಲಿಯೂ ಬರುತ್ತದೆ. ಆ ಸಂಘದ ಸದಸ್ಯರಿಗೆ ಖಗೋಳವನ್ನು ಕುರಿತು ಉಪನ್ಯಾಸ ಮಾಡುತ್ತಿದ್ದಾಗ ಸ್ಟುಅರ್ಟನು ತನ್ನ ಚಿತ್ರಪಟಗಳನ್ನು ಸಭಾಂಗಣದ ಗೋಡೆಯ ಮೇಲೆಯೇ ಬಿಟ್ಟುಹೋಗಬೇಕಾಯಿತು. ಆ ಪಟಗಳ ಮುಂದೆ ನಿಂತು ಸದಸ್ಯರು ತಮ್ಮತಮ್ಮೊಳಗೆ ಚರ್ಚಿಸಿದರು. ಅವರಲ್ಲಿ ಸಂದೇಹಗಳು ಹುಟ್ಟಿದುವು. ಮುಂದಿನ ಸಲ ಅವನು ಉಪನ್ಯಾಸಕ್ಕೆ ಮುಂಚೆ ಅವರೊಡನೆ ಕುಳಿತು ಆ ಸಂದೇಹಗಳನ್ನು ಪರಿಹರಿಸಲು ತೊಡಗಿದನು. ಉಪನ್ಯಾಸದ ಮಾತಿಗಿಂತ ಈ ಸಂಭಾಷಣೆಯಿಂದಲೇ ಹೆಚ್ಚು ಪ್ರಯೋಜನವಾಗುತ್ತದೆಂಬುದನ್ನು ಅವನು ಮನಗಂಡನು. ಸಾರಾಂಶ, ಉಪನ್ಯಾಸ, ಚರ್ಚಾ ತರಗತಿ, ಲಿಖಿತ ಉತ್ತರ ಎಂಬ ನಾಲ್ಕು ಅಂಗಗಳು ಹೀಗೆ ಯಾವ ಸಮಿತಿಯ ಯೋಜನೆಯೂ ಇಲ್ಲದೆ, ಕೇಳುಗರ ಒತ್ತಾಯದಿಂದಲೇ ರೂಪುಗೊಂಡುವೆಂಬುದು ಗಮನಾರ್ಹವಾದ ಸಂಗತಿ.

1873ರಲ್ಲಿ ಕೇಂಬ್ರಿಜ್ ಈ ಕಾರ್ಯವನ್ನು ಅಧಿಕೃತವಾಗಿ ಕೈಗೊಂಡಿತು. ನಾಟಿಂಗ್‌ಹ್ಯಾಮ್, ಡಾರ್ಬಿ, ಲೆಸ್ಟರ್ ಪಟ್ಟಣಗಳಲ್ಲಿ ಮೊದಲ ಉಪನ್ಯಾಸಗಳು ನಡೆದುವು. ಹನ್ನೆರಡು ಉಪನ್ಯಾಸಗಳ ವ್ಯಾಸಂಗ, ಕೊನೆಯಲ್ಲಿ ಪರೀಕ್ಷೆ, ತೇರ್ಗಡೆಯಾದವರಿಗೆ ಪ್ರಮಾಣಪತ್ರ, ಇದು ಕ್ರಮ. ಲಂಡನ್ನಿನ ಸಂಸ್ಥೆ 1876ರಲ್ಲಿ ಹುಟ್ಟಿತು. ಆಕ್ಸ್‌ಫರ್ಡ್ 1878ರಲ್ಲಿ ಕಾಲಿಟ್ಟಿತು. ನಾಟಿಂಗ್‌ಹ್ಯಾಮಿನ ಉಪನ್ಯಾಸಗಳಿಂದಲೇ 1881ರಲ್ಲಿ ಅಲ್ಲಿಯ ಕಾಲೇಜು ಮೈದಾಳಿತು. ಅದು ಇಂದು ವಿಶ್ವವಿದ್ಯಾನಿಲಯವಾಗಿದೆ.

ಆದರೆ ಹಣದ ಪ್ರಶ್ನೆ ಎಲ್ಲೆಡೆಯೂ ಅಡ್ಡಬಂದಿತು. ಉಪನ್ಯಾಸಕನ ಸಂಭಾವನೆ, ಸಭಾಂಗಣದ ಬಾಡಿಗೆ ಇವೆಲ್ಲವೂ ಸ್ಥಳೀಯ ಸಮಿತಿಯ ಮೇಲೆ ಬೀಳುತ್ತಿದ್ದುವು, ಸರ್ಕಾರದ ನೆರವಿರಲಿಲ್ಲ. ಪ್ರವೇಶದ ಶುಲ್ಕ ಏರಿದಲ್ಲಿ ಕಾರ್ಮಿಕನು ಹೊರಗುಳಿದನು. ಮಧ್ಯಾಹ್ನದ ಹೊತ್ತು ಬಿಡುವುಳ್ಳ ಅನುಕೂಲಸ್ಥರ ಮನೆಯ ಸ್ತ್ರೀಯರು ಮುಂದಿನ ಸಾಲುಗಳನ್ನು ತುಂಬಿದರು. ಖರ್ಚು ಗಿಟ್ಟಬೇಕಾದರೆ ದೊಡ್ಡ ಸಭೆ ಬೇಕು. ದೊಡ್ಡ ಸಭೆ ಬೇಕಾದರೆ ರಂಜಕವಾದ ವಿಷಯ ಬೇಕು. ನೆರೆದವರ ತಲೆ ಎಣಿಸುವ ಅಭ್ಯಾಸ ಹುಟ್ಟಿದುದು ಈ ಇಕ್ಕಟ್ಟಿನಿಂದಲೇ ಎಂದು ನಾವು ಭಾವಿಸುತ್ತೇವೆ. ಇದಕ್ಕೆ ಪ್ರತಿಯಾಗಿ ನಾರ್ತಂಬರ್ಲೆಂಡಿನ ಕಲ್ಲಿದ್ದಲ ಗಣಿಗಳ ಹಳ್ಳಿಗಳನ್ನು ನೋಡಬೇಕು. 1880ರ ದಶಕದಲ್ಲಿ ಅಲ್ಲಿಯ ಗಣಿಗಾರರು ಕೆಲಸ ಮುಗಿಸಿ ಮೈಲುಗಟ್ಟಲೆ ನಡೆದು ಬಂದು ಉಪನ್ಯಾಸ ಕೇಳಿದರು, ಉತ್ತರ ಬರೆದರು. 1887ರಲ್ಲಿ ಕೂಲಿಯ ಕಡಿತವನ್ನು ವಿರೋಧಿಸಿ ಅವರು ಮುಷ್ಕರ ಹೂಡಬೇಕಾಯಿತು. ಅದರೊಡನೆ ಉಪನ್ಯಾಸಗಳಿಗೆ ಒದಗುತ್ತಿದ್ದ ಹಣವೂ ಬತ್ತಿತು; ಅಷ್ಟು ಚೆನ್ನಾಗಿ ಬೇರೂರಿದ್ದ ಕೆಲಸ ಕುಸಿದುಬಿತ್ತು. ಉಪನ್ಯಾಸಕರು ಸಿದ್ಧರಿದ್ದರು, ಕೇಳುಗರೂ ಸಿದ್ಧರಿದ್ದರು; ನಡುವೆ ಇರಬೇಕಾಗಿದ್ದ ಅಲ್ಪ ಧನಸಹಾಯವೊಂದು ಇರಲಿಲ್ಲ.

ಆಕ್ಸ್‌ಫರ್ಡಿನಲ್ಲಿ 1885ರಿಂದ ಕಾರ್ಯದರ್ಶಿಯಾಗಿದ್ದ ಮೈಕೇಲ್ ಸ್ಯಾಡ್ಲರನು ಖರ್ಚನ್ನು ತಗ್ಗಿಸಲು ಆರೇ ಉಪನ್ಯಾಸಗಳ ಕಿರು ವ್ಯಾಸಂಗವನ್ನು ರೂಢಿಗೆ ತಂದನು. ಉಪನ್ಯಾಸಕ್ಕೆ ಬೇಕಾದ ಪುಸ್ತಕಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಊರಿಂದೂರಿಗೆ ಕಳುಹಿಸುವ ಸಂಚಾರಿ ಗ್ರಂಥಭಂಡಾರವನ್ನೂ ಬೆಳೆಸಿದನು. ಆರು ಉಪನ್ಯಾಸಗಳಲ್ಲಿ ವಿದ್ಯೆಯೇನು ಬಂದೀತೆಂದು ಕೇಂಬ್ರಿಜ್ಜಿನವರು ಆಕ್ಷೇಪಿಸಿದರು. ಆಕ್ಷೇಪವು ಯುಕ್ತವಾದುದೇ. ಪುಸ್ತಕದ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ನಮ್ಮ ಒಲವು ಆಕ್ಸ್‌ಫರ್ಡಿನ ಕಡೆಗೇ ಇದೆ.

ಈ ತೊಡಕಿನಿಂದ ಬಿಡುಗಡೆಯ ದಾರಿ ತೋರಿಸಿದವನು ವಿಶ್ವವಿದ್ಯಾನಿಲಯದ ಪದವಿಯಿಲ್ಲದ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ಎಂಬ ಗುಮಾಸ್ತ. ಕಾರ್ಮಿಕರೇ ತಮ್ಮ ಶಿಕ್ಷಣವನ್ನು ಬೇಡಿ ಪಡೆಯಬೇಕು, ಅದರ ಆಡಳಿತದಲ್ಲಿಯೂ ಪಾಲ್ಗೊಳ್ಳಬೇಕು ಎಂಬ ಉದ್ದೇಶದಿಂದ ಅವನು 1903ರಲ್ಲಿ ಸಂಘವೊಂದನ್ನು ಸ್ಥಾಪಿಸಿದನು. ಅದೇ ಮುಂದೆ ಕಾರ್ಮಿಕರ ಶಿಕ್ಷಣ ಸಂಘವೆಂದು ಹೆಸರಾಯಿತು. 1907ರಲ್ಲಿ ಆಕ್ಸ್‌ಫರ್ಡಿನಲ್ಲಿ ಸೇರಿದ ಸಮ್ಮೇಳನದ ಫಲವಾಗಿ 1908ರ ಜನವರಿಯಲ್ಲಿ ಲಾಂಗ್ಟನ್ ಮತ್ತು ರಾಚ್‌ಡೇಲ್ ಪಟ್ಟಣಗಳಲ್ಲಿ ಹೊಸ ಬಗೆಯ ತರಗತಿಗಳು ತೆರೆದುವು. ಅವುಗಳ ಬೋಧಕನು ಆರ್. ಎಚ್. ಟಾನಿ. ಇವನು 1880ರಲ್ಲಿ ಹುಟ್ಟಿದುದು ಕಲ್ಕತ್ತೆಯಲ್ಲಿ. ಕಥಾಸರಿತ್ಸಾಗರವನ್ನು ಇಂಗ್ಲಿಷಿಗೆ ತಂದ ಸಂಸ್ಕೃತ ವಿದ್ವಾಂಸ ಚಾರ್ಲ್ಸ್ ಟಾನಿ ಇವನ ತಂದೆ.

ಟಾನಿಯ ತರಗತಿಯ ನಿಯಮಗಳು ಸರಳವಾಗಿದ್ದುವು. ಒಂದು ಗಂಟೆ ಉಪನ್ಯಾಸ, ಒಂದು ಗಂಟೆ ಚರ್ಚೆ. ವರ್ಷಕ್ಕೆ ಇಪ್ಪತ್ತನಾಲ್ಕು ಸಭೆಗಳು. ಮೂರು ವರ್ಷ ಬಿಡದೆ ಬರುವೆವೆಂಬ ವಾಗ್ದಾನ. ಎರಡು ವಾರಕ್ಕೊಂದು ಪ್ರಬಂಧ. ನೂರಾರು ಜನರ ಸಭೆಯ ಸ್ಥಾನದಲ್ಲಿ ಮೂವತ್ತು ನಲವತ್ತು ಜನ. ದಿನವಿಡೀ ದುಡಿದು ಬಂದವರು ಕೈಗಾರಿಕಾ ಕ್ರಾಂತಿಯ ಆರ್ಥಿಕ ಚರಿತ್ರೆಯನ್ನು ಓದುತ್ತಿದ್ದರು, ಅಂದರೆ ತಮ್ಮ ಅಜ್ಜಂದಿರ ಚರಿತ್ರೆಯನ್ನು. ಚರ್ಚೆ ನಿಗದಿಯಾದ ಗಂಟೆಯನ್ನು ಮೀರಿ ಬೀದಿಗೂ ಮನೆಗೂ ಹರಿಯುತ್ತಿತ್ತು. 1912ರಲ್ಲಿ ಟಾನಿ ಹದಿನಾರನೆಯ ಶತಮಾನದ ಭೂಸಮಸ್ಯೆಯನ್ನು ಕುರಿತು ತನ್ನ ಮೊದಲ ದೊಡ್ಡ ಗ್ರಂಥವನ್ನು ಪ್ರಕಟಿಸಿದಾಗ, ನೇಕಾರರು, ಕುಂಬಾರರು, ಗಣಿಗಾರರು ಮತ್ತು ಯಂತ್ರದ ಕೆಲಸಗಾರರಿಂದ ತಾನು ಕಲಿತುದನ್ನು ಮುನ್ನುಡಿಯಲ್ಲಿ ಸ್ಮರಿಸಿದನು. ಆರ್ಥಿಕ ಇತಿಹಾಸದ ಅಭ್ಯಾಸಿಗಳು ಇಂದಿಗೂ ತೆರೆದು ನೋಡುವ ಗ್ರಂಥವೊಂದರ ಹಿನ್ನೆಲೆಯಲ್ಲಿ ಇಂಥ ಪ್ರಶ್ನೆಯ ಗಂಟೆಗಳಿದ್ದುವು.

ಭಾರತಕ್ಕೂ ಈ ಚಳವಳಿಗೂ ಇರುವ ಸಂಬಂಧ ಟಾನಿಯ ಜನ್ಮಸ್ಥಳದಿಂದಾಚೆಗೂ ಹೋಗುತ್ತದೆ. ಆಕ್ಸ್‌ಫರ್ಡಿನ ಪೆಟ್ಟಿಗೆಗಳನ್ನು ಕಳುಹಿಸಿದ ಸ್ಯಾಡ್ಲರನೇ 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯ ಆಯೋಗದ ಅಧ್ಯಕ್ಷನಾಗಿ ಬಂದನು. ಅದಕ್ಕೆ ಒಂದು ವರ್ಷ ಮುಂಚೆ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿತ್ತು. ಮುಂದೆ ಅದು ಕನ್ನಡದಲ್ಲಿ ನಡೆಸಿದ ಪ್ರಚಾರೋಪನ್ಯಾಸಗಳೂ, ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ವ್ಯಾಸಂಗ ವಿಸ್ತರಣ ಉಪನ್ಯಾಸಗಳೂ ಸಣ್ಣ ಪುಸ್ತಕಗಳಾಗಿ ಹೊರಬಂದು ಎಷ್ಟೋ ಮನೆಗಳನ್ನು ಸೇರಿದುವು. ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರಿನಲ್ಲಿ ಕುಲಪತಿಗಳಾಗಿದ್ದಾಗ ಈ ಕೆಲಸಕ್ಕೆ ಹೊಸ ಹುರುಪು ಬಂದಿತು. ಇಂಗ್ಲೆಂಡಿನವರಿಗೆ ಎದುರಾಗದಿದ್ದ ಕಷ್ಟವೊಂದು ಇಲ್ಲಿತ್ತು: ವಿಜ್ಞಾನವನ್ನಾಗಲಿ ಅರ್ಥಶಾಸ್ತ್ರವನ್ನಾಗಲಿ ಊರಿನವರಿಗೆ ಹೇಳಬೇಕಾದರೆ ಮೊದಲು ಅದನ್ನು ಹೇಳುವ ಕನ್ನಡವನ್ನು ಕಟ್ಟಬೇಕಾಗಿತ್ತು. ನಮ್ಮ ಉಪನ್ಯಾಸಕರು ಎರಡು ಕೆಲಸಗಳನ್ನೂ ಒಟ್ಟಿಗೆ ಮಾಡಿದರು.

ಆ ಪುಸ್ತಕಗಳಲ್ಲಿ ಉಳಿದಿರುವುದು ಬಹುಮಟ್ಟಿಗೆ ಉಪನ್ಯಾಸಕರ ಮಾತು. ಸಭೆಯಲ್ಲಿ ಕುಳಿತಿದ್ದ ರೈತನು, ಶಾಲೆಯ ಉಪಾಧ್ಯಾಯನು, ಅಂಗಡಿಯವನು ಎದ್ದುನಿಂತು ಏನು ಕೇಳಿದರೆಂಬುದು ಅವುಗಳಿಂದ ತಿಳಿಯುವುದಿಲ್ಲ. ಇತಿಹಾಸಕಾರನಿಗೆ ಅರ್ಧ ದಾಖಲೆ ಮಾತ್ರ ದೊರೆತಂತಾಗಿದೆ. ಆ ಕಾಲದ ಉಪನ್ಯಾಸಗಳನ್ನು ಕೇಳಿದ ವೃದ್ಧರು ಕೆಲವರಾದರೂ ನಮ್ಮ ಊರುಗಳಲ್ಲಿ ಇನ್ನೂ ಇದ್ದಾರು. ಅವರನ್ನು ಕಂಡು ನೆನಪುಗಳನ್ನು ಬರೆದಿಟ್ಟುಕೊಳ್ಳುವ ಕೆಲಸವನ್ನು ಜಿಲ್ಲೆಯ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ತಮ್ಮ ಪ್ರೌಢ ಪ್ರಬಂಧಕ್ಕಾಗಿ ಕೈಗೊಳ್ಳಬಹುದು. ಮುಂದಿನ ಅವಧಿಯ ಉಪನ್ಯಾಸಗಳಲ್ಲಿ ಸಭಿಕರ ಪ್ರಶ್ನೆಗಳನ್ನು ಬರೆದುಕೊಳ್ಳಲು ವಿಭಾಗದವರು ಒಬ್ಬ ವಿದ್ಯಾರ್ಥಿಯನ್ನು ನೇಮಿಸಬಹುದು.