ದೀಪದ ಮನೆಗೆ ದೆವ್ವ ಬಂದದ್ದು

ನಾನು ಹುಟ್ಟುವ ಹೊತ್ತಿಗೆ ಓಕಳಿಪುರಂನ ನಮ್ಮ ಬೀದಿಯ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿತ್ತಂತೆ. ರಾತ್ರಿ ದೆವ್ವ ಬಂದು ಪರಿಚಿತರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಸಾಯುತ್ತಾರೆ ಎಂಬ ಗುಲ್ಲು 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಹಬ್ಬಿತ್ತು. ಬರೆದದ್ದನ್ನು ಓದಿ ದೆವ್ವ ಹಿಂದಿರುಗುವುದು. ಮರುದಿನ ಬಂದು ಮತ್ತೆ ಅದನ್ನೇ ಓದುವುದು. ‘ಪಾಪ, ಓದು ಬರೋ ದೆವ್ವ!’ ಎಂದು ಅಮ್ಮ ಈಗಲೂ ನಗುತ್ತಾಳೆ.

ಇಲ್ಲಿ ಮೂರಕ್ಷರ ದೆವ್ವವನ್ನು ಹೊರಗಿಟ್ಟವು. ಬರವಣಿಗೆಯೇ ದೆವ್ವವನ್ನು ಒಳಗೆ ಕರೆತಂದ ಮನೆಯೂ ಒಂದಿದೆ. ಅದು ಸ್ಕಾಟ್ಲೆಂಡಿನ ಪಶ್ಚಿಮ ಕಡಲಲ್ಲಿರುವ ಫ್ಲಾನನ್ ದ್ವೀಪದ ದೀಪಸ್ತಂಭ ಕಾವಲುಗಾರರ ಮನೆ.

1900ರ ಡಿಸೆಂಬರ್ 26ರಂದು ಜೋಸೆಫ್ ಮೂರ್ ಎಂಬ ಕಾವಲುಗಾರ ಪಾಳಿಗೆಂದು ದ್ವೀಪಕ್ಕೆ ಬಂದಿಳಿದ. ಜೇಮ್ಸ್ ಡುಕಾಟ್, ಥಾಮಸ್ ಮಾರ್ಷಲ್, ಡೊನಾಲ್ಡ್ ಮ್ಯಾಕ್‌ಆರ್ಥರ್, ಮೂವರಲ್ಲಿ ಒಬ್ಬರೂ ಇರಲಿಲ್ಲ. ಮ್ಯಾಕ್‌ಆರ್ಥರ್ ಕಾಯಿಲೆಬಿದ್ದ ನೌಕರನ ಬದಲಿಗೆ ಬಂದವನು. ಒಲೆ ಆರಿತ್ತು, ಗಡಿಯಾರ ನಿಂತಿತ್ತು.

ಈ ಮನೆಯ ಕತೆ ಹೇಳುವವರು ಮೇಜಿನ ಮೇಲೆ ಮುಟ್ಟದೆ ಬಿಟ್ಟ ಊಟ, ಉರುಳಿಬಿದ್ದ ಕುರ್ಚಿಯನ್ನು ಮರೆಯದೆ ಸೇರಿಸುತ್ತಾರೆ. ಎಂ.ಎ. ಸೆಮಿನಾರಿನಲ್ಲಿ ನಾನೂ ಅದನ್ನು ಇತಿಹಾಸವೆಂದೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಆಮೇಲೆ ಗೊತ್ತಾಯಿತು: ಆ ಊಟ ಬಡಿಸಿದ್ದು ವಿಲ್ಫ್ರಿಡ್ ಗಿಬ್ಸನ್ ಎಂಬ ಕವಿ, 1912ರ ತನ್ನ ಕವಿತೆಯಲ್ಲಿ.

ತನಿಖೆಗೆ ಹೋದ ಅಧಿಕಾರಿ ರಾಬರ್ಟ್ ಮ್ಯೂರ್‌ಹೆಡ್ ಬರೆದದ್ದು ಬೇರೆ. ಪಾತ್ರೆಗಳನ್ನು ತೊಳೆದಿಟ್ಟಿದ್ದರು, ಅಡುಗೆಮನೆ ಒಪ್ಪವಾಗಿತ್ತು. ದೀಪ ಒರೆಸಿ, ಎಣ್ಣೆ ತುಂಬಿ, ಸಂಜೆಗೆ ಸಿದ್ಧ ಮಾಡಿದ್ದರು. ಹಲಗೆಯ ಮೇಲಿನ ಕೊನೆಯ ಟಿಪ್ಪಣಿ ಡಿಸೆಂಬರ್ 15ರ ಬೆಳಗಿನದು. ಪಶ್ಚಿಮದ ಇಳಿದಾಣದಲ್ಲಿ ಕಬ್ಬಿಣದ ಕಂಬಿಗಳು ತಿರುಚಿದ್ದವು. ಕಡಲಿಗಿಂತ ಸುಮಾರು 110 ಅಡಿ ಮೇಲಿದ್ದ ಹಗ್ಗದ ಪೆಟ್ಟಿಗೆ ಒಡೆದುಹೋಗಿತ್ತು. ಆ ಪೆಟ್ಟಿಗೆಯನ್ನು ಭದ್ರಪಡಿಸಲು ಹೋದವರನ್ನು ದೊಡ್ಡ ಅಲೆ ಎಳೆದೊಯ್ದಿರಬೇಕೆಂದು ಆತ ತೀರ್ಮಾನಿಸಿದ. ಶವಗಳು ಸಿಗಲೇ ಇಲ್ಲ.

ಕವಿ ಕಲ್ಪಿಸಿದ್ದು ತಪ್ಪಲ್ಲ. ಆದರೆ ಕಲ್ಪನೆಯ ಊಟ ಉಳಿದು, ನಿಜವಾಗಿ ತೊಳೆದಿಟ್ಟ ಪಾತ್ರೆಗಳು ಮರೆತುಹೋದಾಗ ಆ ಮೂವರು ಕೆಲಸದಲ್ಲಿರುವಾಗ ಸತ್ತರೆಂಬುದೂ ಮರೆಯಾಗುತ್ತದೆ. ಬೆಳಗ್ಗೆ ಮನೆಗೆಲಸ ಮುಗಿಸಿ, ಬಿರುಗಾಳಿಯಲ್ಲಿ ಸರ್ಕಾರಿ ಹಗ್ಗ ಉಳಿಸಲು ಹೋದವರನ್ನು ನಾವು ದೆವ್ವದ ಬಾಯಿಗೆ ಕೊಟ್ಟುಬಿಟ್ಟೆವು.

ಈ ಘಟನೆಯ ಮರುವರ್ಷ, 1901ರಲ್ಲಿ, ಉಡುಪಿ ಬಳಿಯ ಕಾಪುವಿನ ಬಂಡೆಯ ಮೇಲೂ ದೀಪಸ್ತಂಭ ಎದ್ದಿತು. ಕಳೆದ ಸಲ ಹೋದಾಗ ಸೂರ್ಯಾಸ್ತದ ಫೋಟೋ ತೆಗೆಯುತ್ತಿದ್ದ ಗೆಳತಿ, ‘ಇಲ್ಲೇನಾದರೂ ದೆವ್ವದ ಕತೆ ಇದೆಯಾ?’ ಎಂದಳು. ಇಲ್ಲಿ ದಿನವೂ ದೀಪ ಒರೆಸಿದವರು ಯಾರೋ ಅವರನ್ನು ಮೊದಲು ಹುಡುಕೋಣ ಎಂದೆ.