ಓಝೋನ್ ಉತ್ಪಾದಕ

ಓಝೋನ್ ಉತ್ಪಾದಕವು ಆಮ್ಲಜನಕವನ್ನು ಓಝೋನ್ ಅನಿಲವಾಗಿ ಪರಿವರ್ತಿಸುವ ವಿದ್ಯುತ್ ಉಪಕರಣವಾಗಿದೆ. ಓಝೋನ್‌ನ ಪ್ರತಿಯೊಂದು ಅಣುವಿನಲ್ಲಿ ಆಮ್ಲಜನಕದ ಮೂರು ಪರಮಾಣುಗಳಿರುತ್ತವೆ. ಅದು ಬೇಗನೆ ವಿಘಟನೆ ಹೊಂದುವುದರಿಂದ ಬಳಸುವ ಸ್ಥಳದಲ್ಲಿಯೇ ತಯಾರಿಸಬೇಕಾಗುತ್ತದೆ. ಕುಡಿಯುವ ನೀರಿನ ಶುದ್ಧೀಕರಣ ಇದರ ಪ್ರಮುಖ ಉಪಯೋಗ. ಹವ್ಯಾಸಿಗಳು ಮನೆಯಲ್ಲಿಯೂ ಇದನ್ನು ನಿರ್ಮಿಸುವುದುಂಟು.

ಇತಿಹಾಸ

ಬಾಸೆಲ್‌ನ ರಸಾಯನಶಾಸ್ತ್ರಜ್ಞ ಶೋನ್‌ಬೈನ್ 1840ರಲ್ಲಿ ಈ ಅನಿಲಕ್ಕೆ ವಾಸನೆ ಎಂಬರ್ಥದ ಗ್ರೀಕ್ ಪದದಿಂದ ಹೆಸರಿಟ್ಟನು. 1857ರಲ್ಲಿ ವೆರ್ನರ್ ಫಾನ್ ಸೀಮೆನ್ಸ್ ಗಾಜಿನ ಕೊಳವೆಗಳ ಉತ್ಪಾದಕವನ್ನು ರೂಪಿಸಿದನು. ಫ್ರಾನ್ಸಿನ ನೀಸ್ ನಗರದಲ್ಲಿ 1906ರಿಂದ ಕುಡಿಯುವ ನೀರಿಗೆ ಓಝೋನ್ ಬಳಕೆಯಾಯಿತು.

ಕಾರ್ಯವಿಧಾನ

ಎರಡು ವಿದ್ಯುದ್ವಾರಗಳ ನಡುವೆ ಗಾಜು, ಪಿಂಗಾಣಿ ಅಥವಾ ಅಭ್ರಕದ ಅವಾಹಕ ಪದರವನ್ನೂ ಗಾಳಿ ಹರಿಯಲು ಕಿರಿದಾದ ಅಂತರವನ್ನೂ ಇರಿಸಲಾಗುತ್ತದೆ. ಹಲವು ಸಾವಿರ ವೋಲ್ಟ್‌ಗಳ ಪರ್ಯಾಯ ವಿದ್ಯುತ್ ನೀಡಿದಾಗ ಅಂತರದಲ್ಲಿ ಮಂದವಾದ ನೇರಳೆ ಹೊಳಪು ಕಾಣುತ್ತದೆ. ಇದನ್ನು ಕೊರೊನಾ ವಿಸರ್ಜನೆ ಎನ್ನುತ್ತಾರೆ. ಇದರಲ್ಲಿ ಆಮ್ಲಜನಕದ ಅಣುಗಳು ಒಡೆದು, ಬಿಡಿ ಪರಮಾಣುಗಳು ಇತರ ಅಣುಗಳೊಡನೆ ಸೇರಿ ಓಝೋನ್ ಆಗುತ್ತದೆ.

ಸಾಮಾನ್ಯ ದೋಷಗಳು

ಮನೆಯಲ್ಲಿ ನಿರ್ಮಿಸಿದ ಉಪಕರಣದಲ್ಲಿ ಉತ್ಪಾದನೆ ಕುಗ್ಗಲು ಮುಖ್ಯ ಕಾರಣಗಳು ಇವು:

* ತೇವಾಂಶ: ಒದ್ದೆ ಗಾಳಿಯಲ್ಲಿ ಓಝೋನ್ ಕಡಿಮೆಯಾಗುತ್ತದೆ. ಜೊತೆಗೆ ಗಾಳಿಯ ಸಾರಜನಕದಿಂದ ನೈಟ್ರಿಕ್ ಆಮ್ಲ ಉಂಟಾಗಿ ವಿದ್ಯುದ್ವಾರಗಳು ಸವೆಯುತ್ತವೆ. ಒಳಬರುವ ಗಾಳಿಯನ್ನು ಸಿಲಿಕಾ ಜೆಲ್ ಮೂಲಕ ಹಾಯಿಸುವುದು, ಅದನ್ನು ಆಗಾಗ ಒಣಗಿಸುವುದು ಪರಿಹಾರ.
* ಶಾಖ: ಬಿಸಿಯಾದಂತೆ ಓಝೋನ್ ಮರಳಿ ಆಮ್ಲಜನಕವಾಗುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿಯಂತಹ ಪ್ರದೇಶದಲ್ಲಿ ತಂಪುಗೊಳಿಸುವ ವ್ಯವಸ್ಥೆ ವಿಶೇಷವಾಗಿ ಅಗತ್ಯ. ಮಳೆಗಾಲದಲ್ಲಿ ಅಲ್ಲಿಯೂ ತೇವಾಂಶವೇ ಮುಖ್ಯ ತೊಡಕಾಗಬಹುದು.
* ಅವಾಹಕ ಪದರದ ಬಿರುಕು: ಸಮನಾದ ಹೊಳಪಿನ ಬದಲು ಒಂದೇ ಕಡೆ ಪ್ರಖರ ಕಿಡಿ ಹಾರಿದರೆ ಪದರ ತೂತಾಗಿರುವ ಸಾಧ್ಯತೆಯಿದೆ. ಕೂಡಲೇ ವಿದ್ಯುತ್ ಕಡಿತಗೊಳಿಸಿ ಪದರವನ್ನು ಬದಲಿಸಬೇಕು.
* ಸೋರಿಕೆ: ಓಝೋನ್ ಸಹಜ ರಬ್ಬರನ್ನು ಬಿರುಕುಗೊಳಿಸುತ್ತದೆ. ಗಾಜು, ಟೆಫ್ಲಾನ್ ಮತ್ತು ತುಕ್ಕುರಹಿತ ಉಕ್ಕು ಇದಕ್ಕೆ ತಾಳಿಕೊಳ್ಳುತ್ತವೆ.

ಪರೀಕ್ಷೆ

ಪೊಟ್ಯಾಸಿಯಂ ಅಯೊಡೈಡ್ ಮತ್ತು ಪಿಷ್ಟ ಸವರಿದ ಒದ್ದೆ ಕಾಗದವು ಓಝೋನ್ ತಗುಲಿದಾಗ ನೀಲಿಯಾಗುತ್ತದೆ. ಆದರೆ ಸಾರಜನಕದ ಆಕ್ಸೈಡುಗಳೂ ಇದೇ ಬಣ್ಣವನ್ನು ಉಂಟುಮಾಡುವುದರಿಂದ ಗಾಳಿಯಿಂದ ನಡೆಯುವ ಉಪಕರಣಗಳಲ್ಲಿ ಇದು ಪ್ರಮಾಣವನ್ನು ತಿಳಿಸುವ ಖಚಿತ ಅಳತೆಯಲ್ಲ. ವಾಸನೆಯನ್ನೂ ನಂಬುವಂತಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮೂಗು ಅದಕ್ಕೆ ಒಗ್ಗಿಕೊಳ್ಳುತ್ತದೆ. ವಾಸನೆ ಕುಂದಿತೆಂದು ವೋಲ್ಟೇಜ್ ಹೆಚ್ಚಿಸುವುದು ಅಪಾಯಕಾರಿ.

ಸುರಕ್ಷತೆ

ಓಝೋನ್ ಶ್ವಾಸಕೋಶಗಳಿಗೆ ಹಾನಿಕರ. ಅಸ್ತಮಾ ಇರುವವರಿಗೆ ಅಪಾಯ ಹೆಚ್ಚು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಂತೆ 8 ಗಂಟೆಗಳ ಕೆಲಸದ ಅವಧಿಯಲ್ಲಿ ಗಾಳಿಯಲ್ಲಿ ಅದರ ಸರಾಸರಿ ಪ್ರಮಾಣ ಹತ್ತು ಲಕ್ಷಕ್ಕೆ 0.1 ಭಾಗವನ್ನು ಮೀರಬಾರದು. ಆದ್ದರಿಂದ ಜನರಿರುವ ಕೋಣೆಯಲ್ಲಿ ಉಪಕರಣವನ್ನು ನಡೆಸಬಾರದು. ಸ್ವಿಚ್ ಆರಿಸಿದ ನಂತರವೂ ಕೆಪಾಸಿಟರ್‌ಗಳಲ್ಲಿ ಮಾರಕ ವಿದ್ಯುದಾವೇಶ ಉಳಿದಿರಬಹುದು. ದುರಸ್ತಿಗೆ ಮುನ್ನ ಪ್ಲಗ್ ತೆಗೆದು, ಆ ಆವೇಶವನ್ನು ಸುರಕ್ಷಿತವಾಗಿ ಬರಿದುಮಾಡುವುದು ಕಡ್ಡಾಯ.